ಬೆನ್ನಿಗೆ ಮಣ್ಣು ಹತ್ತಿಲ್ಲ

ರುದ್ರಪ್ಪ ಕಾಕಾ ಯಾರ ಮೇಲಾದರೂ ಸಿಟ್ಟಾದರೆಂದರೆ ಆ ಮನುಷ್ಯನ ಓಣಿಗೆ ಕಾಲಿಡುವುದನ್ನೇ ಬಿಟ್ಟುಬಿಡುತ್ತಿದ್ದರು. ಜನ್ಮವಿಡೀ ಹೀಗೆ ಸಿಟ್ಟಾಗುತ್ತಲೇ ಬಂದದ್ದರಿಂದ ಬನಹಟ್ಟಿಯಲ್ಲಿ ಅವರಿಗೆ ನಡೆಯಲು ಉಳಿದ ದಾರಿಗಳೇ ಕಡಿಮೆ. ಮನೆಯಿಂದ ನನ್ನ ಚಹಾದ ಅಂಗಡಿಗೆ ನೇರ ಬಂದರೆ ಒಂದು ಬೀಡಿ ಸೇದುವಷ್ಟು ಹೊತ್ತು. ಕಾಕಾ ಮಾತ್ರ ಊರ ಹೊರಗಿನ ಕಬ್ಬಿನ ಹೊಲದ ಬದು ಹಿಡಿದು, ಧೋತರದ ಚುಂಗು ಕೈಯಲ್ಲಿ ಎತ್ತಿಕೊಂಡು, ಬೆವರು ಸುರಿಸುತ್ತ ಬರುತ್ತಿದ್ದರು.

"ನಡುವಿನ ಓಣಿಯಿಂದ ಬಂದಿದ್ರ ಏನ್ ಆಗತಿತ್ರಿ ಕಾಕಾ?" ಎಂದರೆ, "ಆ ಓಣ್ಯಾಗ ಸಿದ್ಲಿಂಗನ ಮನಿ ಐತಿ," ಎನ್ನುತ್ತಿದ್ದರು.

ಆ ಸಿದ್ಲಿಂಗ ಸತ್ತು ಎಷ್ಟೋ ವರ್ಷವಾಗಿತ್ತು. ಅದನ್ನು ನೆನಪಿಸಿದರೆ, "ಅಂವಾ ಸತ್ರ ಏನಾತು? ಮನಿ ಸತ್ತೈತೇನು?" ಎಂದು ನನ್ನನ್ನೇ ಗದರಿಸುತ್ತಿದ್ದರು.

ಊರಿನ ಕ್ಷೌರದ ಅಂಗಡಿಯವನು ಒಮ್ಮೆ ಅವರ ಮೀಸೆಯ ಒಂದು ಬದಿಯನ್ನು ಸಣ್ಣ ಮಾಡಿ, ಮೇಲಿಂದ ಕಿಸಕ್ಕನೆ ನಕ್ಕನಂತೆ. ಅಂದಿನಿಂದ ದಾಡಿ ಮಾಡಿಸಿಕೊಳ್ಳಲು ಕಾಕಾ ಮಹಾಲಿಂಗಪುರದ ಬಸ್ ಹತ್ತುತ್ತಿದ್ದರು. ಅವರ ಎರಡು ಪವರ್‌ಲೂಮ್ ಮಗ್ಗಗಳು ಸೀರೆ ನೇಯುವುದಕ್ಕಿಂತ ಹೆಚ್ಚಾಗಿ ಅವರ ಬಸ್ಸಿನ ಟಿಕೀಟಿಗೇ ದುಡಿಯುತ್ತಿದ್ದವೆಂದು ನಾವು ನಗುತ್ತಿದ್ದೆವು. ಎದುರಿಗೆ ನಗುವ ಧೈರ್ಯ ಯಾರಿಗಿತ್ತು?

ಇಷ್ಟಾದರೂ ಊರು ಅವರನ್ನು ತಲೆಯ ಮೇಲೆ ಹೊತ್ತುಕೊಂಡಿತ್ತು. ಕಾರಣ, ಅವರು ಕುಸ್ತಿಯ ಪಂಚರು. ಯಾರು ಗೆದ್ದರು, ಯಾರು ಸೋತರು ಎಂದು ಹೇಳುವವರು. ಮುಧೋಳದ ಒಂದು ಕುಸ್ತಿಯಲ್ಲಿ ಅಲ್ಲಿನ ಸಾವಕಾರರೊಬ್ಬರ ಪೈಲ್ವಾನ ನಮ್ಮ ಹುಡುಗನನ್ನು ಕೆಡವಿ ಮೇಲೆ ಕುಳಿತ. ಜನವೆಲ್ಲ "ಚಿತ್! ಚಿತ್!" ಎಂದು ಎದ್ದು ನಿಂತರು, ಹಲಗೆಯೂ ಶುರುವಾಯಿತು. ಕಾಕಾ ಮಾತ್ರ ಅಖಾಡದ ಕೆಮ್ಮಣ್ಣಿನಲ್ಲಿ ಬೋರಲು ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿ, ಹುಡುಗನ ಬೆನ್ನಿನ ಕೆಳಗೆ ನೋಡಿದರು. ಎದ್ದು, "ಬೆನ್ನಿಗೆ ಮಣ್ಣ ಹತ್ತಿಲ್ಲ. ಕುಸ್ತಿ ನಡೀಲಿ," ಎಂದರು. ಚಪ್ಪಲಿಗಳು ಬಿದ್ದವು, ಒಂದು ಕಲ್ಲೂ ಬಿತ್ತು. ಕಾಕಾ ಮಾತು ತಿರುಗಿಸಲಿಲ್ಲ.

"ಪಂಚ ಅಂದ್ರ ಮೊದಲ ಕಣ್ಣು. ಬಾಯಿ ಆಮ್ಯಾಲ," ಎನ್ನುವುದು ಅವರ ಮಾತು. ಆ ಕಲ್ಲಿನ ಸಿಟ್ಟಿಗೆ ಮುಂದೆ ಮುಧೋಳದ ನೀರನ್ನೂ ಅವರು ಕುಡಿಯಲಿಲ್ಲ.

ಮಲ್ಲು ಅವರ ತಾಲೀಮಿನ ಗರಡಿಯಲ್ಲೇ ಮಣ್ಣಾಡಿ ಬೆಳೆದವನು, ನೇಕಾರರ ಹುಡುಗ. ಸೈನ್ಯ ಸೇರಿ ಅಲ್ಲಿ ಬಾಕ್ಸಿಂಗ್ ಕಲಿತ. ಸೈನ್ಯ ಬಿಟ್ಟ ಮೇಲೆ ದೊಡ್ಡ ದೊಡ್ಡ ಊರುಗಳ ರಿಂಗಿನಲ್ಲಿ ಗೆಲ್ಲುತ್ತ ಹೋದ. ಜಮಖಂಡಿ, ಬೀಳಗಿ, ರಬಕವಿ, ಎಲ್ಲಿ ನೋಡಿದರೂ ಅವನ ಫೋಟೋದ ಬ್ಯಾನರು. ಮುಧೋಳದವರೂ ಅವನನ್ನು ತಮ್ಮವನೆಂದರು. ಕಾಕಾರಿಗೆ ಬಾಕ್ಸಿಂಗ್ ಎಂದರೆ ಅಷ್ಟಕ್ಕಷ್ಟೇ. "ಕೈಗಿ ತಲಿದಿಂಬು ಕಟಕೊಂಡು ಬಡದಾಡೂದು ಎಂಥಾ ಆಟನೋ," ಎಂದು ಗೊಣಗುತ್ತಿದ್ದರು. ಆದರೆ ಮಲ್ಲುವಿನ ಪಂದ್ಯವಿದ್ದ ಸಂಜೆ ಮಗ್ಗ ಬಂದ್ ಮಾಡಿ, ಎಲ್ಲರಿಗಿಂತ ಮುಂಚೆ ನನ್ನ ಅಂಗಡಿಯ ಟಿವಿಯ ಮುಂದಿನ ಕುರ್ಚಿ ಹಿಡಿಯುವವರೂ ಅವರೇ.

ಆ ಹರಿಯಾಣದವನ ಜೊತೆಗಿನ ಪಂದ್ಯವನ್ನು ನಾನು ಸಾಯುವವರೆಗೂ ಮರೆಯಲಾರೆ. ಅವನು ಮಲ್ಲುವನ್ನು ಹೊಡೆಯಲಿಲ್ಲ, ಒಕ್ಕಿದ. ಹೊಡೆಯುವ ಮುಂಚೆ ನಗುತ್ತಿದ್ದ, ಹೊಡೆದ ಮೇಲೆ ನಾಲಿಗೆ ಹೊರಚಾಚುತ್ತಿದ್ದ. ಅವನ ಕೈ ಸೇದಿ ಹೋಗಲಿ! ಮೂರನೆಯ ರೌಂಡಿನಲ್ಲಿ ಮಲ್ಲುವಿನ ಎಡಗಣ್ಣಿನ ಮೇಲೆ ಒಂದು ಬಿತ್ತು. ಮಲ್ಲು ಮುಖ ಅಡಿಯಾಗಿ ಬಿದ್ದ. ರೆಫ್ರಿ ಎಣಿಸಿ ಮುಗಿಸಿದ. ಅಂಗಡಿ ತುಂಬ ಜನವಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು, ನಾನು ಇಳಿಸಲಿಲ್ಲ.

"ಬೆನ್ನಿಗೆ ಮಣ್ಣ ಹತ್ತೈತೇನು?" ಕಾಕಾ ಕೇಳಿದರು.

"ಕಾಕಾ, ಇದು ಕುಸ್ತಿ ಅಲ್ರಿ. ಹತ್ತ ಎಣಸೂದ್ರಾಗ ಏಳಬೇಕು. ಎದ್ದಿಲ್ಲ. ಸೋತಾ," ಎಂದೆ.

"ಎಣಸ್ಲಿ ಬಿಡು, ಎಣಸೂದು ಸಾಲಿ ಹುಡುಗ್ರ ಕೆಲಸ. ಬೋರಲ ಬಿದ್ದಾನ. ಬೆನ್ನಿಗೆ ಮಣ್ಣ ಹತ್ತಿಲ್ಲ. ಕುಸ್ತಿ ಮುಗದಿಲ್ಲ."

ಹೀಗೆಂದು ಎದ್ದು ಹೋದರು. ನಗಬೇಕಾದ ಮಾತು, ಯಾರೂ ನಗಲಿಲ್ಲ. ನಮ್ಮ ತಾಲೀಮಿನ ರಿವಾಜು ಎಲ್ಲರಿಗೂ ಗೊತ್ತು: ಬೆನ್ನಿಗೆ ಮಣ್ಣು ಹತ್ತದಿದ್ದರೆ ಆ ಕುಸ್ತಿ ಬಾಕಿ, ಮತ್ತೆ ಆಡಲೇಬೇಕು. ಮಣ್ಣು ಹತ್ತಿದರೆ ಸೋತವನು ತಾನಾಗಿ ಜೋಡಿ, ಅಂದರೆ ಮತ್ತೊಂದು ಕುಸ್ತಿ, ಕೇಳುವಂತಿಲ್ಲ, ಗೆದ್ದವನೇ ಕರೆಯಬೇಕು. ಪಂಚರು ಹತ್ತಿಲ್ಲ ಎಂದರು. ಅಂದರೆ ಸೇಡು ಬಾಕಿ ಇದೆ. ನಮಗೆ ಬೇಕಾದದ್ದೂ ಅದೇ.

ಮರುದಿನದಿಂದ ಆ ಮಾತು ಕಾಡುಕಿಚ್ಚಾಯಿತು. ಆಟೋಗಳ ಹಿಂದೆ, ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡಬ್ಬಿಗಳ ಮೇಲೆ, 'ಬೆನ್ನಿಗೆ ಮಣ್ಣು ಹತ್ತಿಲ್ಲ' ಎಂದು ಬರೆಸಿದರು. ವಾಟ್ಸಾಪಿನಲ್ಲಿ ಹರಿಯಾಣದವನ ವಂಶವನ್ನೆಲ್ಲ ಜಾಲಾಡಿದೆವು. ಮಲ್ಲು ಮರ್ಯಾದೆಯಿಂದ ಆಟ ಬಿಡಲಿ ಎಂದವರೂ ಇದ್ದರು. ಅವರ ಮುಂದಾಳು ರಬಕವಿಯ ಒಬ್ಬ ಪಿ.ಟಿ. ಮಾಸ್ತರರು. ಒಂದು ದಿನ ನನ್ನ ಅಂಗಡಿಯಲ್ಲೇ ಕಾಕಾರ ಎದುರಿಗೆ ಕುಳಿತು, "ಜಟ್ಟಿ ಬಿದ್ರೂ ಮೀಸಿ ಮಣ್ಣಾಗಿಲ್ಲಂತ! ವಯಸ್ಸಾತು, ಬಿಡ್ಲಿ ಇನ್ನ," ಎಂದುಬಿಟ್ಟರು.

ಕಾಕಾ ಕಪ್ಪು ಕೆಳಗಿಟ್ಟರು. "ಮಾಸ್ತರ, ನಿಮ್ಮ ಓಣಿ ಯಾವ್ದು?"

ಮಾಸ್ತರರು ಹೇಳಿದರು.

"ಆತು," ಎಂದರು ಕಾಕಾ. ಅಲ್ಲಿಗೆ ರಬಕವಿಯಲ್ಲೂ ಒಂದು ದಾರಿ ಬಂದ್ ಆಯಿತು.

ಮಲ್ಲು ಊರಿಗೆ ಬಂದ. ಕಪ್ಪು ಕನ್ನಡಕ ಹಾಕಿಕೊಂಡಿದ್ದ. ನಾವು ಹೆಗಲ ಮೇಲೆ ಹೊತ್ತು ಕುಣಿದೆವು. ಕಾಕಾರ ಕಾಲು ಮುಟ್ಟಿ, "ನೀವ ಹಂಗಂದ ಮ್ಯಾಲ ಬಿಡೂದೈತೇನ್ರಿ? ಹೊಳ್ಳಿ ಹೋಗಿ ಅವನ ಹಲ್ಲ ಮುರೀತೇನಿ," ಎಂದ. ಪಂದ್ಯ ನಡೆಸುವವರು ಎರಡನೆಯ ಪಂದ್ಯಕ್ಕೆ ಒಪ್ಪಿದ್ದರು. ಮಲ್ಲು ಹೂಂ ಎಂದರೆ ಸಾಕು. ಬರುವ ರವಿವಾರ ತಾಲೀಮಿನ ಅಂಗಳದಲ್ಲಿ ಎಲ್ಲ ಊರಿನ ಅಭಿಮಾನಿಗಳನ್ನು ಕೂಡಿಸಿ ಹೂಂ ಎನ್ನುವುದೆಂದು ನಿಶ್ಚಯವಾಯಿತು.

ಅದಕ್ಕೆ ನಾಲ್ಕಾರು ದಿನ ಮುಂಚೆ, ಮಧ್ಯಾಹ್ನ, ಕಾಕಾರಿಗೆ ಚಹಾ ಒಯ್ದಿದ್ದೆ. ಕರೆಂಟ್ ಹೋಗಿ ಮಗ್ಗಗಳು ಸುಮ್ಮನಿದ್ದವು. ಮಲ್ಲುವಿನ ಹೆಂಡತಿ ಶೈಲಾ ಬಾಗಿಲಲ್ಲಿ ಬಂದು ನಿಂತಳು.

"ಕಾಕಾರ, ಅವರ ಎಡಗಣ್ಣ ಅರ್ಧಾ ಹೋಗೇತ್ರಿ. ಇನ್ನೊಂದು ಪೆಟ್ಟ ಬಿದ್ರ ಪೂರಾ ಹೋಗತೈತಿ, ಬಲಗಣ್ಣಿಂದೂ ಹೇಳಾಕಾಗೂದಿಲ್ಲ ಅಂತ ಬೆಳಗಾವ್ಯಾಗ ಡಾಕ್ಟರ್ ಹೇಳ್ಯಾರ. ಬಿಡ್ರಿ ಅಂದ್ರ, ಪಂಚರು ಮಣ್ಣ ಹತ್ತಿಲ್ಲ ಅಂದಾರ, ನಾ ಹೆಂಗ ಬಿಡ್ಲಿ ಅಂತಾರ. ನಿಮ್ಮ ಆ ಒಂದ ಮಾತ ಅವರನ್ನ ಕಟ್ಟಿ ಹಾಕೇತಿ."

"ಊರಾಗ ಹೇಳವಾ ಇದನ್ನ," ಎಂದೆ ನಾನು.

"ಮಕ್ಕಳ ಮ್ಯಾಲ ಆಣಿ ಹಾಕಿಸ್ಯಾರ್ರಿ ಅಣ್ಣಾರ. ಕುಡ್ಡ ಆದ್ನಂತ ಊರೆಲ್ಲಾ ಅಯ್ಯೋ ಅನ್ನೂದಕಿಂತ ಖರೇನ ಕುಡ್ಡ ಆಗೂದ ಛಲೋ ಅಂತಾರ."

ಕಾಕಾ ಅವಳ ಮೇಲೇ ಸಿಟ್ಟಾದರು. "ಹೆಣ್ಣಮಕ್ಕಳ ಮಾತ ಕೇಳಿ ಯಾವ ಪೈಲ್ವಾನ ಲಂಗೋಟ ಬಿಚ್ಚ್ಯಾನ? ನಡಿ ಮನಿಗೆ," ಎಂದು ಕಳಿಸಿಬಿಟ್ಟರು. ನನಗೆ ಅವರನ್ನು ಎರಡು ಬಾರಿಸಬೇಕೆನಿಸಿತು, ನಿಜವಾಗಿಯೂ. ಆದರೆ ಮರುದಿನ ನಾನು ಚಹಾ ಒಯ್ದಾಗ ಅವರೇ ಮಲ್ಲುವನ್ನು ಮಗ್ಗದ ಮನೆಗೆ ಕರೆಸಿದ್ದರು. ಅದೂ ಇದೂ ಮಾತಾಡುತ್ತ, "ತಮ್ಮಾ, ಅಲ್ಲೊಂದು ಎಳಿ ಕಡದೈತಿ. ನನಗ ಕಾಣವಲ್ದು, ಗಂಟ್ ಹಾಕು," ಎಂದರು. ಹಾಲು ಕುಡಿಯುವ ವಯಸ್ಸಿನಿಂದ ಮಗ್ಗದ ಸದ್ದಿನಲ್ಲಿ ಬೆಳೆದ ಹುಡುಗ ಅವನು. ಕಡಿದ ಎಳೆ ಇದ್ದದ್ದು ಎಡಕ್ಕೆ. ಅವನ ಬೆರಳು ಅದರ ಪಕ್ಕದಲ್ಲೇ ತಡವರಿಸಿತು, ಗಾಳಿಯನ್ನು ಹಿಡಿಯಿತು, ಮತ್ತೆ ತಡವರಿಸಿತು. "ಬೆಳಕ ಇಲ್ಲರಿ ಇಲ್ಲೆ," ಎಂದ. ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು, ಬಾಗಿಲು ತೆರೆದೇ ಇತ್ತು.

"ಹೌದೋ ಮಾರಾಯಾ, ಬೆಳಕಿಲ್ಲ. ಬಿಡು," ಎಂದರು ಕಾಕಾ.

ರವಿವಾರ ಮುಂಜಾನೆ ತಾಲೀಮಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಮಖಂಡಿಯಿಂದ, ಬೀಳಗಿಯಿಂದ ಟ್ರ್ಯಾಕ್ಟರ್ ತುಂಬಿ ಜನ ಬಂದಿದ್ದರು. "ಸೇಡು! ಸೇಡು!" ಎಂದು ಕೂಗಿ ಕೂಗಿ ಗಂಟಲು ಒಡೆದುಕೊಂಡಿದ್ದರು. ಮೊದಲು ಪಂಚರು ಮಾತಾಡಲಿ ಎಂದು ಕಾಕಾರನ್ನು ಎಬ್ಬಿಸಿದರು. ಕಾಕಾ ತಲೆಯ ಪಟಕಾ ಸರಿಮಾಡಿಕೊಂಡರು.

"ಆ ವಿಡಿಯೋ ಪೂರಾ ನೋಡೇನಿ. ಬೆನ್ನಿಗೆ ಮಣ್ಣ ಹತ್ತೈತಿ. ಮಲ್ಲು ಸೋತಾನ."

ಒಂದು ಗಳಿಗೆ ಯಾರಿಗೂ ಅರ್ಥವೇ ಆಗಲಿಲ್ಲ. ಆಮೇಲೆ ಗದ್ದಲವೆಂದರೆ ಗದ್ದಲ. "ಇಷ್ಟ ದಿನಾ ಹತ್ತಿಲ್ಲ ಅಂದ ಬಾಯಿ ಯಾವ್ದಲೇ ಮುದುಕಾ?" ಎಂದು ಯಾರೋ ಚೀರಿದರು.

"ಅದೂ ಇದ ಬಾಯಿನ. ಆವಾಗ ತಪ್ಪಿತ್ತು. ಪಂಚನ ಮಾತು ಇದು. ಮಲ್ಲು, ನೀ ಜೋಡಿ ಕೇಳಾಂಗಿಲ್ಲ. ಮನಿಗೆ ನಡಿ."

ಮಲ್ಲು ಎದ್ದು ನಿಂತ. ಹೊಡೆದೇಬಿಡುತ್ತಾನೆ ಎಂದುಕೊಂಡೆ. "ಹರಿಯಾಣದವ ನನ್ನ ಮಾರಿಗೆ ಹೊಡದಾ. ನೀವು ಬೆನ್ನಿಗೆ ಹೊಡದ್ರಿ," ಎಂದ. "ಇನ್ನ ಮ್ಯಾಲ ನಿಮ್ಮ ಮಾರಿ ನೋಡಂಗಿಲ್ಲ." ಆದರೆ ತಾಲೀಮಿನ ಹುಡುಗ ನೋಡಿ, ಪಂಚರ ಮಾತು ದಾಟಲಿಲ್ಲ. ಪಂದ್ಯದ ಮಾತು ಅಲ್ಲಿಗೇ ಬಿತ್ತು.

ಹರಿಯಾಣದವನ ಮೇಲೆ ತೀರಿಸಿಕೊಳ್ಳಬೇಕಾದ ಸೇಡನ್ನು ಊರು ಕಾಕಾರ ಮೇಲೆ ತೀರಿಸಿಕೊಂಡಿತು. ಹರಿಯಾಣದವರಿಂದ ದುಡ್ಡು ತಿಂದಿದ್ದಾನೆ ಎಂದರು. ಮಗ್ಗದ ಮನೆಯ ಬಾಗಿಲಿಗೆ ಸಗಣಿ ಎಸೆದರು. ಯಾವ ಕುಸ್ತಿಗೂ ಪಂಚರಾಗಿ ಕರೆಯಲಿಲ್ಲ. ಅವರು ನನ್ನ ಅಂಗಡಿಗೆ ಬಂದರೆ ಗಿರಾಕಿಗಳು ಎದ್ದು ಹೋಗುತ್ತಿದ್ದರು. ಹೋದವರ ಕಪ್ಪನ್ನು ನಾನು ಬೇಕಂತಲೇ ಕುಕ್ಕಿ ಇಡುತ್ತಿದ್ದೆ. ಆ ಪಿ.ಟಿ. ಮಾಸ್ತರರು ಮಾತ್ರ ಬಂದು, "ಕಡೀಗೆ ನನ್ನ ಮಾತ ಖರೆ ಆತಲ್ರಿ," ಎಂದು ಹಲ್ಲು ಕಿರಿದರು. ಕಾಕಾ ಅವರ ಕಡೆ ನೋಡಲೂ ಇಲ್ಲ.

"ಕಣ್ಣಿನ ಸಂಗತಿ ಹೇಳೂದಿಲ್ಲ, ಸರಿ. ಆದರ ಜನ್ಮದಾಗ ಒಂದ ಸಲಾ ಸುಳ್ಳ ಹೇಳಿದ್ರೆಲ್ರಿ ಕಾಕಾ," ಎಂದೆ ಒಮ್ಮೆ.

"ಯಾಂವಲೇ ಸುಳ್ಳ ಹೇಳಿದಾಂವ? ಎಣಿಸಿ ಮುಗಿಸಿದ ಮ್ಯಾಲ ಡಾಕ್ಟರ್ ಬಂದು ಮಲ್ಲ್ಯಾನ್ನ ಹೊಳ್ಳಿಸಿ ಮಲಗಿಸಿದ್ನಿಲ್ಲೋ? ಆವಾಗ ಬೆನ್ನ ಎಲ್ಲಿತ್ತು, ಮಾಳಿಗಿ ಮ್ಯಾಲಿತ್ತೇನು? ಯಾವಾಗ ಹತ್ತಿತು ಅಂತ ಅವರು ಕೇಳಲಿಲ್ಲ, ನಾ ಹೇಳಲಿಲ್ಲ."

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಕಾಕಾ ಹಾಸಿಗೆ ಹಿಡಿದರು. ಕೊನೆಯ ಸಲ ನೋಡಲು ಹೋದಾಗ ಮಾತು ಸಣ್ಣಗಾಗಿತ್ತು.

"ಮಲ್ಲ್ಯಾಗ ಇನ್ನೂ ಸಿಟ್ಟೈತೇನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಐತ್ರಿ ಕಾಕಾ. ನಿಮ್ಮ ಹೆಸರ ತಗದ್ರ ಉಗಳ್ತಾನ. ಸಾಕ್ರಿ ಇನ್ನ, ನಾ ಹೋಗಿ ಎಲ್ಲಾ ಹೇಳಿಬಿಡ್ತೇನಿ."

ಅವರು ನನ್ನ ಕೈ ಹಿಡಿದರು. ಆ ಸೊರಗಿದ ಕೈಯಲ್ಲಿ ಅಷ್ಟು ಬಲವಿದ್ದದ್ದು ನನಗೆ ಆಶ್ಚರ್ಯ. "ಹೇಳೀ ಜೋಕಿ! ಇರ್ಲಿ ಅಂವಗ ಸಿಟ್ಟು. ನನ್ನ ಮ್ಯಾಲಿಂದು ಇಳೀತಂದ್ರ ಅದು ಹರಿಯಾಣದವನ ಮ್ಯಾಲ ಏರತೈತಿ. ಆ ಹರಿಯಾಣದವ ಆಡೂದ ಬಿಡೂತನಾ ಬಾಯಿ ಮುಚಗೊಂಡಿರು."

ಕಾಕಾ ಹೋದರು. ಮಣ್ಣಿಗೆ ಹತ್ತಿಪ್ಪತ್ತು ಜನವೂ ಸೇರಲಿಲ್ಲ. ಶೈಲಾ ಬಂದಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದಳು. ಮಲ್ಲು ಬರಲಿಲ್ಲ. ಅಂದು ಅವನು ಹೊಲದಲ್ಲಿ ನೀರು ಹಾಯಿಸುತ್ತಿದ್ದನಂತೆ.

ಹೋದ ತಿಂಗಳು ಆ ಹರಿಯಾಣದವನು ಇನ್ನು ರಿಂಗಿಗೆ ಇಳಿಯುವುದಿಲ್ಲವೆಂದು ಮೊಬೈಲಿನಲ್ಲಿ ಸುದ್ದಿ ಬಂತು. ಯಾರೋ ಅವನ ದವಡೆಯನ್ನೇ ಮುರಿದಿದ್ದರು. ನಾನು ಅಂದು ಅಂಗಡಿಗೆ ಬಂದವರಿಗೆಲ್ಲ ಪುಗಸಟ್ಟೆ ಚಹಾ ಕುಡಿಸಿದೆ. ಮನುಷ್ಯತ್ವವಿಲ್ಲದವನು ಅನ್ನಿ, ಬೇಕಾದ್ದು ಅನ್ನಿ, ನನ್ನ ಹೊಟ್ಟೆ ತಣ್ಣಗಾಯಿತು. ಅಂಗಡಿ ಮುಚ್ಚಿ ನೇರ ಹುನ್ನೂರಿಗೆ ಹೋದೆ. ಮಲ್ಲು ಅಲ್ಲಿ ಹೆಂಡತಿಯ ತವರಿನವರ ಹೊಲ ನೋಡಿಕೊಂಡಿದ್ದಾನೆ. ಶೈಲಾಳ ಮುಖ ನೋಡಿದೆ, ಅವಳು ಹೇಳಿ ಎಂಬಂತೆ ತಲೆಯಾಡಿಸಿದಳು. ಎಲ್ಲವನ್ನೂ ಹೇಳಿದೆ.

ಮಲ್ಲು ಬಹಳ ಹೊತ್ತು ಕೈಯಲ್ಲಿನ ಸಲಿಕೆಯಿಂದ ನೆಲ ಕೆರೆಯುತ್ತ ಕುಳಿತ. ಆಮೇಲೆ ಒಮ್ಮೆಲೇ ಸಲಿಕೆಯನ್ನು ದೂರ ಎಸೆದ.

"ಮುದುಕಾ ಎಂಥಾ ಮೋಸಾ ಮಾಡಿದ್ನಿರಿ! ನಾ ಮಣ್ಣಿಗೂ ಹೋಗಲಿಲ್ಲ. ಇದರ ಸೇಡು ಯಾರ ಮ್ಯಾಲ ತೀರಿಸ್ಕೊಳ್ಳಲ್ರಿ ನಾ ಈಗ?"