ಕಪ್ತಾನನ ಹೆಸರಿನ ಹೆಂಗಸರು

ಬಂದರಿನ ಆರೋಗ್ಯ ಕಚೇರಿಯ ಹಳೇ ದಾಖಲೆ ಕೋಣೆಗೆ ಮೂವತ್ತು ವರ್ಷದಿಂದ ಕಾರ್ಡಮ್ಮನೇ ಯಜಮಾನಿ. ಹಡಗಿಳಿದವರ ತಪಾಸಣೆ ಕಾರ್ಡು ಯಾವುದೇ ಕೇಳಿ, ಕಣ್ಣು ಮುಚ್ಚಿ ತೆಗೆದುಕೊಡುತ್ತಾಳೆ. ಸಿಗದೆ ಸತಾಯಿಸಿದ್ದು ಒಂದೇ, ಅವಳ ಸ್ವಂತ ದೊಡ್ಡಮ್ಮನದು.

ಕಾರ್ಡಮ್ಮನ ಅಮ್ಮ ಹೊಸ ಮದುಮಗಳಾಗಿ ಈ ಅಕ್ಕನ ಜೊತೆ ಹಡಗಿಳಿದಾಗ ಗಂಡ ಹೊರಗೆ ಕಾಯುತ್ತಿದ್ದ. ಮದುವೆಯಾಗದ ಅಕ್ಕನಿಗೆ ಕಣ್ಣುಬೇನೆಯೆಂದು ಬಂದರಿನ ಆಸ್ಪತ್ರೆಯಲ್ಲೇ ಉಳಿಸಿಕೊಂಡರು. "ವಾಸಿಯಾದ ಕೂಡಲೇ ಬರ್ತೀನಿ ಕಣೇ" ಅಂದವಳು ಬರಲೇ ಇಲ್ಲ. ವಿಚಾರಿಸಿಕೊಂಡು ಬಂದ ಗಂಡ, "ಬೇಜಾರಾಗಿ ತಾನೇ ವಾಪಸ್ ಹಡಗು ಹತ್ತಿದಳಂತೆ" ಅಂದ. ಅಮ್ಮನಿಗೆ ಎಲ್ಲಿಲ್ಲದ ಸಿಟ್ಟು. ಅಕ್ಕನ ಕಾಗದ ಬಂದರೆ ಒಡೆಯದೆ ಹಿಂದಕ್ಕೆ ಕಳಿಸಿದಳು. ಈಗ ಅಮ್ಮನಿಗೆ ಎಂಬತ್ತು ದಾಟಿದೆ, ಅಕ್ಕನೂ ಇಲ್ಲ, ಗಂಡನೂ ಇಲ್ಲ. ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ.

"ಸಿಕ್ತಾ? ನನ್ನ ಬಿಟ್ಟು ಯಾಕೆ ಹೋದಳಂತೆ?" ತಿಂಗಳಿಗೊಮ್ಮೆ ಇದೇ ಪ್ರಶ್ನೆ.

ಹುಡುಕುವುದಾದರೂ ಎಲ್ಲಿ? ಆ ಕಾಲದ ಗುಮಾಸ್ತರು ಹೆಂಗಸರ ಕಾರ್ಡನ್ನು ಅವರಿಗೆ ಜವಾಬ್ದಾರನಾದ ಗಂಡಸಿನ ಹೆಸರಿನಡಿ ಇಡುತ್ತಿದ್ದರು. ದೊಡ್ಡಮ್ಮನ ಅಪ್ಪ, ಅಣ್ಣ, ತಂಗಿಯ ಗಂಡ ಎಲ್ಲರ ಹೆಸರನ್ನೂ ಕಾರ್ಡಮ್ಮ ಜಾಲಾಡಿದ್ದಳು.

ಮೊನ್ನೆ ಒಬ್ಬ ಹುಡುಗಿ ಬಂದಳು. ವಲಸೆ ಬಂದ ಹೆಂಗಸರ ತಪಾಸಣೆಯ ಮೇಲೆ ಸಂಶೋಧನೆಯಂತೆ. ಬಂದವಳೇ ತಲೆಗೆ ಹುಳ ಬಿಟ್ಟಳು: "ಗಂಡಸರ ಜೊತೆಯಿಲ್ಲದೆ ಬಂದವರಿಗೆ ಹಡಗಲ್ಲಿ ಯಾವ ಗಂಡಸು ಜವಾಬ್ದಾರ, ಅಮ್ಮಾ?"

"ಇನ್ಯಾರು, ಕಪ್ತಾ... ಅಯ್ಯೋ ನನ್ನ ಬುದ್ಧಿಗಿಷ್ಟು!"

ಕಪ್ತಾನರ ಡ್ರಾಯರು! ನಾವಿಕರದೆಂದು ಅದನ್ನವಳು ಒಮ್ಮೆಯೂ ಎಳೆದಿರಲಿಲ್ಲ. ಒಬ್ಬ ಕಪ್ತಾನನ ಹೆಸರಲ್ಲಿ ಇನ್ನೂರ ಹನ್ನೆರಡು ಹೆಂಗಸರು.

"ಭಲೇ ಗಂಡು!" ಎಂದು ಇಬ್ಬರೂ ಬಿದ್ದು ಬಿದ್ದು ನಕ್ಕರು. ನೂರ ನಲವತ್ತನೇ ಕಾರ್ಡಿಗೆ ಕಾರ್ಡಮ್ಮನ ನಗು ನಿಂತಿತು. ಮೂಲೆಯಲ್ಲಿ ದೊಡ್ಡಮ್ಮನ ಪುಟ್ಟ ಫೋಟೋ ಅಂಟಿಸಿತ್ತು.

ಸಂಜೆ ಫೋಟೋ ಸಮೇತ ಕಾರ್ಡಿನ ಜೆರಾಕ್ಸ್ ಹಿಡಿದು ಅಮ್ಮನಿಗೆ ಓದಿ ಹೇಳಿದಳು: "ಇಪ್ಪತ್ತೊಂದನೇ ದಿನ ಕಣ್ಣು ವಾಸಿ. ಒಂಟಿ ಹೆಣ್ಣಾದ್ದರಿಂದ ಗಂಡಸಿನ ಸಹಿಯಿಲ್ಲದೆ ಬಿಡುವಂತಿಲ್ಲ. ತಂಗಿಯ ಗಂಡನಿಗೆ ಎರಡು ಸಲ ಕಾಗದ ಬರೆಯಲಾಗಿದೆ. ಸಹಿ ಹಾಕುವುದಿಲ್ಲವೆಂದು ಉತ್ತರ ಬಂದಿದೆ. ವಾಪಸು ಕಳಿಸಲಾಗಿದೆ."

ಅಮ್ಮ ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ನೋಡಿದಳು.

"ಅವಳ ಕಾಗದ ನಾನು ಒಡೀಲೇ ಇಲ್ವಲ್ಲೇ" ಎಂದು ಅತ್ತಳು. ಕಣ್ಣೊರೆಸಿಕೊಂಡು, "ಅವರನ್ನ ಇಳಿಸು. ಆ ಮೊಳೆಗೆ ಅಕ್ಕನ್ನ ಹಾಕು" ಎಂದಳು.