ಗಂಗಾ ಆಂಟಿಯ ಸೆರಗಿನ ಗಂಟುಗಳು

ಗಂಗಾ ಆಂಟಿಯ ಸೆರಗಿನಲ್ಲಿ ಬೆಳಿಗ್ಗೆ ಏಳಕ್ಕೆ ಒಂಬತ್ತು ಗಂಟುಗಳಿರುತ್ತಿದ್ದವು, ಸಂಜೆ ಏಳಕ್ಕೆ ಒಂದೂ ಇರುತ್ತಿರಲಿಲ್ಲ. ಮರೆಯಬಾರದ ಕೆಲಸವಿದ್ದರೆ ಸೆರಗಿಗೆ ಗಂಟು ಹಾಕಿಕೊಳ್ಳುವ ಅಜ್ಜಿಯರನ್ನು ನಾನೂ ಕಂಡಿದ್ದೆ. ಆದರೆ ಇಳಕಲ್ ಸೀರೆಯ ಮೇಲೆ ತೀರಿಹೋದ ಗಂಡನ ಸ್ವೆಟರ್, ಕಾಲಿಗೆ ಸ್ನೋ ಬೂಟು, ಸ್ವೆಟರಿನ ಕೆಳಗಿಂದ ಇಳಿಬಿದ್ದ ಗಂಟುಗಂಟಿನ ಸೆರಗು, ಇಂಥ ವೇಷ ಕಂಡದ್ದು ಅಮೆರಿಕದಲ್ಲಿ, ನ್ಯೂಯಾರ್ಕ್ ಹತ್ತಿರದ ಹಿಕ್ಸ್‌ವಿಲ್‌ನಲ್ಲೇ.

ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಲೋಕವೇ ಹೆದರಿದ್ದ ಕಾಲ ಅದು. ಆ ಹೆದರಿಕೆಯ ಪುಣ್ಯದಿಂದ ನನಗೆ ವೀಸಾ ಸಿಕ್ಕಿತ್ತು. ವಾರವಿಡೀ ರೈಲಿನಲ್ಲಿ ಮ್ಯಾನ್‌ಹಟನ್‌ಗೆ ಹೋಗಿ ಇನ್ನೊಬ್ಬರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಒಂದು ಶನಿವಾರ ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಯಲ್ಲಿ ಮೆಂತ್ಯದ ಕಟ್ಟು ಹಿಡಿದು ಕನ್ನಡದಲ್ಲಿ ಗೊಣಗುತ್ತಿದ್ದೆ. ಹಿಂದಿನಿಂದ ಒಂದು ಕೈ ಬಂದು ಅದನ್ನು ಕಸಿದುಕೊಂಡಿತು.

“ತಮ್ಮಾ, ಅದು ಮೊನ್ನೀದು. ಇದನ್ನ ತಗೋ. ರೊಟ್ಟಿ ತಿಂತೀ ಏನು? ಬಾ ಹಂಗಾರ, ಮನಿ ಇಲ್ಲೇ ಅದ.”

ಮೈಸೂರಿನವನಾದ ನನಗೆ ಜೋಳದ ರೊಟ್ಟಿಯ ದೀಕ್ಷೆ ಆದದ್ದು ಹಾಗೆ. ಗಂಗಾ ಆಂಟಿ ಧಾರವಾಡದ ಹೆಣ್ಣುಮಗಳು, ಬಹಳ ವರ್ಷ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಆಯಾ ಆಗಿದ್ದವರು. ಗಂಡ ಹೋದ ಮೇಲೆ ಮಕ್ಕಳಿಲ್ಲದ ಆ ದೊಡ್ಡ ಮನೆಯ ನಾಲ್ಕು ಕೋಣೆಗಳನ್ನು ನಾಲ್ಕು ಗಂಡಸರಿಗೆ ಬಾಡಿಗೆಗೆ ಕೊಟ್ಟಿದ್ದರು. ನಾಲ್ವರೂ ಮನೋರೋಗದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದು ಹೊರಬಂದವರು. ಬೆಳಿಗ್ಗೆ ಕೂಗಿ ಏಳಿಸಬೇಕು, ಸ್ನಾನ ಮಾಡು ಎನ್ನಬೇಕು, ಡಾಕ್ಟರ ಬಳಿ ಕರೆದೊಯ್ಯಬೇಕು. ಒಂದೊಂದಕ್ಕೂ ಒಂದೊಂದು ಗಂಟು. ಅವರಲ್ಲಿ ಹಿರಿಯನಾದ ಫ್ರಾಂಕ್ ಮಾತ್ರೆಯನ್ನು ನಾಲಿಗೆಯ ಕೆಳಗೆ ಅಡಗಿಸಿಕೊಂಡು ಆಮೇಲೆ ಹೂಕುಂಡಕ್ಕೆ ಉಗುಳುವವನು. ಅವನಿಗಾಗಿಯೇ ಮೂರು ಗಂಟು. ಆಂಟಿ ಅವನನ್ನು ಫ್ರಾಂಕಪ್ಪ ಎನ್ನುತ್ತಿದ್ದರು. ಅವನು ಕಲಿತಿದ್ದ ಒಂದೇ ಕನ್ನಡ ಪದ “ಸಾಕು”. ಅದನ್ನು ಎಷ್ಟು ಸಲ ಹೇಳಿದರೂ ಆಂಟಿ ಇನ್ನೊಂದು ಸೌಟು ಪಲ್ಯ ಬಡಿಸದೆ ಬಿಡುತ್ತಿರಲಿಲ್ಲ.

ಅವರ ಬಾಡಿಗೆಯ ಸ್ವಲ್ಪ ಭಾಗ ಅವರವರ ಅಂಗವಿಕಲರ ಪಿಂಚಣಿಯಿಂದ ಬರುತ್ತಿತ್ತು, ಉಳಿದದ್ದನ್ನು ಸರ್ಕಾರದ ಕಚೇರಿ ಕೊಡುತ್ತಿತ್ತು. ಬರೀ ಕೋಣೆಯಾದರೆ ಕಚೇರಿ ಕೊಡುವುದಕ್ಕೊಂದು ಮಿತಿ. ಮನೆಯವರೇ ಬಾಡಿಗೆದಾರರ ಆರೈಕೆ, ಮೇಲ್ವಿಚಾರಣೆ ಮಾಡುತ್ತಿದ್ದರೆ ಮಾತ್ರ ಮಿತಿ ದಾಟಿ ಕೊಡುತ್ತಾರೆ, ಅದೂ ಆರೈಕೆ ನಿಜವಾಗಿ ನಡೆಯುತ್ತಿದೆ ಎಂದು ಖಾತ್ರಿಯಾದರೆ. ಆ ಹೆಚ್ಚಿನ ಬಾಡಿಗೆಯಿಂದಲೇ ಆ ಹಳೆಯ ಮನೆ ನಿಂತಿತ್ತು.

ಒಂದು ದಿನ ಆಂಟಿ ಪತ್ರವೊಂದನ್ನು ನನ್ನ ಕೈಗಿಟ್ಟರು. ತಪಾಸಣೆಗೆ ಬಂದಿದ್ದ ಮಹಿಳಾ ಅಧಿಕಾರಿ ‘ಈ ಮನೆಯಲ್ಲಿ ಯಾವ ಆರೈಕೆಯೂ ಇಲ್ಲ’ ಎಂದು ಬರೆದಿದ್ದಾರೆ, ಹೆಚ್ಚಿನ ಬಾಡಿಗೆ ನಿಲ್ಲುತ್ತದೆ, ಆಕ್ಷೇಪವಿದ್ದರೆ ಮೂರು ವಾರದಲ್ಲಿ ಬಂದು ಹೇಳಿ ಎಂದಿತ್ತು.

“ಆಂಟಿ, ಆ ಮೇಡಂ ನಿಮ್ಮನ್ನ ಏನು ಕೇಳಿದ್ರು?”

“ಇವರಿಗೆ ನೀವು ಏನೇನು ಮಾಡ್ತೀರಿ ಅಂದ್ಳು. ನಾ ಏನ್ ಮಾಡ್ತೀನ್ರಿ, ಏನೂ ಇಲ್ಲ, ಎಲ್ಲಾ ಅವರ ಮಾಡ್ಕೋತಾರ ಅಂದೆ.”

“ಫ್ರಾಂಕನ ಮಾತ್ರೆ?”

“ಅವನ ತಗೋತಾನ ಅಂದೆ.”

ಫ್ರಾಂಕ್ ತಾನೇ ತಗೊಳ್ತಾನೆ ಅಂದುಬಿಟ್ಟಿದ್ದರು! ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮನೆಗೆ ಬಂದವರ ಮುಂದೆ ‘ನಾನು ಇಷ್ಟೆಲ್ಲ ಮಾಡುತ್ತೇನೆ’ ಎನ್ನುವುದು ನಮ್ಮಲ್ಲಿ ಯಾರ ಬಾಯಿಂದ ಬರುತ್ತದೆ? ಹಬ್ಬದಡುಗೆ ಮಾಡಿ ಬಡಿಸಿ ‘ಏನೂ ಮಾಡಿಲ್ಲ, ಬರೀ ಅನ್ನ ಸಾರು’ ಎನ್ನುವ ಜನ ನಾವು. ಪಾಪ, ಆ ಅಧಿಕಾರಿಗೆ ಇದೆಲ್ಲ ಹೇಗೆ ತಿಳಿಯಬೇಕು? ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಹೋಗಿದ್ದರು.

ಹೆಚ್ಚಿನ ಬಾಡಿಗೆ ನಿಂತು ಮನೆ ಮಾರಬೇಕಾಗಿ ಬಂದರೆ ನಾಲ್ವರೂ ಬೀದಿಗೆ ಬೀಳುತ್ತಾರೆ ಎಂದು ಬಿಡಿಸಿ ಹೇಳಿದೆ. ಆಂಟಿಯ ಮುಖ ಬಾಡಿತು. ಆದರೂ ಹಟ ಬಿಡಲಿಲ್ಲ.

“ಫ್ರಾಂಕಪ್ಪನ ಮುಂದ ಕುಂತು, ಇವನಿಗೆ ಸ್ನಾನಾ ಮಾಡು ಅಂತ ನಾನ ಹೇಳಬೇಕು ಅಂತ ಹೆಂಗ ಹೇಳ್ಲಿ? ಅವನಿಗೂ ಮಾನ ಇಲ್ಲೇನು? ಮಾಡಿದ್ದನ್ನ ಆಡಿ ತೋರಿಸಿದ್ರ ಮಾಡಿದ್ದು ಮಣ್ಣಾಗ್ತದ, ತಮ್ಮಾ.”

ನನಗೆ ಸಿಟ್ಟು ಬಂತು. “ನೀವು ಆಡಬೇಡಿ, ನಾನು ಬರೀತೀನಿ” ಎಂದೆ. ಮರುದಿನ ಭಾನುವಾರ ಬೆಳಿಗ್ಗೆಯೇ ಹೋಗಿ ಅವರ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಒಂದೊಂದು ಗಂಟು ಬಿಚ್ಚಿದಾಗಲೂ ಎಷ್ಟು ಗಂಟೆ, ಯಾರಿಗಾಗಿ, ಏನು ಕೆಲಸ ಎಂದು ಟೈಪ್ ಮಾಡಿದೆ. ಜನ್ಮದಲ್ಲಿ ಒಮ್ಮೆ ನನ್ನ ಟೆಸ್ಟಿಂಗ್ ವಿದ್ಯೆ ಒಳ್ಳೆಯ ಕೆಲಸಕ್ಕೆ ಒದಗಿತ್ತು.

ವಿಚಾರಣೆಯ ದಿನ ಫ್ರಾಂಕ್ ಕೂಡ ನಮ್ಮ ಜೊತೆ ಬಂದ. ಎದುರು ಕೂತ ಹಿರಿಯ ಅಧಿಕಾರಿ, ಇವರೂ ಹೆಂಗಸೇ, ನನ್ನ ಪಟ್ಟಿಯನ್ನು ತಿರುವಿದರು. “ಇದನ್ನು ನೀವು ಬರೆದಿರಿ. ನಾನು ಅವರ ಬಾಯಿಂದ ಕೇಳಬೇಕು” ಎಂದು ಇಂಗ್ಲಿಷಿನಲ್ಲಿ ಹೇಳಿ ಆಂಟಿಯ ಕಡೆ ನೋಡಿದರು. ಆಂಟಿ ಫ್ರಾಂಕನ ಮುಖ ನೋಡಿದರು. ಅವನು ತನ್ನ ಬೂಟು ನೋಡುತ್ತಿದ್ದ.

“ನಥಿಂಗ್, ಮೇಡಂ. ಐ ಆಮ್ ಡೂಯಿಂಗ್ ನಥಿಂಗ್.”

ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಆಂಟಿ ಗೋಡೆಯ ಗಡಿಯಾರ ನೋಡಿದರು, ಹನ್ನೊಂದು. “ಒಂದ್ ನಿಮಿಷ” ಎಂದು ಕನ್ನಡದಲ್ಲೇ ಹೇಳಿ ಎದ್ದರು. ಚೀಲದಿಂದ ಮಾತ್ರೆ ಡಬ್ಬಿ, ಥರ್ಮಾಸಿನಿಂದ ನೀರು. “ಫ್ರಾಂಕಪ್ಪಾ, ಆ...” ಅವನು ಬಾಯಿ ತೆರೆದ, ನುಂಗಿದ. “ನಾಲಿಗಿ ಎತ್ತು.” ಎತ್ತಿದ. ಆಂಟಿ ಬಗ್ಗಿ ನೋಡಿ, ಅವನ ಗಲ್ಲದ ನೀರನ್ನು ಸೆರಗಿನಿಂದಲೇ ಒರೆಸಿ, ಒಂದು ಗಂಟು ಬಿಚ್ಚಿ ಮತ್ತೆ ಬಂದು ಕೂತರು. ಯಾರೋ ತಮ್ಮನ್ನು ನೋಡುತ್ತಿದ್ದಾರೆಂಬ ಪರಿವೆಯೇ ಅವರಿಗಿರಲಿಲ್ಲ.

ಅಧಿಕಾರಿ ಪಟ್ಟಿ ನೋಡಿದರು. ಅಲ್ಲಿ ಹನ್ನೊಂದು ಗಂಟೆ, ಫ್ರಾಂಕ್, ಮಾತ್ರೆ, ಒಂದು ಗಂಟು ಎಂದಿತ್ತು. ಇನ್ನೂ ಕಟ್ಟಿದ್ದ ಗಂಟುಗಳನ್ನು ಎಣಿಸಿ ಪಟ್ಟಿಯಲ್ಲಿ ಉಳಿದ ಕೆಲಸಗಳಿಗೆ ತಾಳೆ ನೋಡಿದರು.

“ಇದನ್ನು ನೀವು ನಥಿಂಗ್ ಅಂತೀರಾ?”

“ದಿಸ್ ಈಸ್ ನಥಿಂಗ್ ಓನ್ಲಿ, ಮೇಡಂ.”

ಎರಡು ವಾರದಲ್ಲಿ ಹೆಚ್ಚಿನ ಬಾಡಿಗೆ ಮುಂದುವರಿಯುವ ಪತ್ರ ಬಂತು. ಆಂಟಿ ಹೋಳಿಗೆ ಮಾಡಿ “ಏನೂ ಮಾಡಿಲ್ಲ ಇವತ್ತ” ಎನ್ನುತ್ತಾ ಬಡಿಸಿದರು. ನಾವು ಐದೂ ಜನ “ಸಾಕು, ಸಾಕು” ಎನ್ನುತ್ತಲೇ ಇದ್ದೆವು.

ಮುಂದೆ ಪ್ರಾಜೆಕ್ಟ್ ಮುಗಿದು ನಾನು ಬೇರೆ ರಾಜ್ಯಕ್ಕೆ ಹೋದೆ. ಫೋನ್ ಮಾಡುತ್ತೇನೆ ಎಂದವನು ಮಾಡಿದ್ದು ಕಡಿಮೆ, ಅದಕ್ಕೆ ಇಂದಿಗೂ ನಾಚಿಕೆಯಿದೆ. ಎಷ್ಟೋ ವರ್ಷಗಳ ಮೇಲೆ ಆಂಟಿ ತೀರಿಹೋದ ಸುದ್ದಿ ಎರಡು ತಿಂಗಳು ತಡವಾಗಿ ತಿಳಿಯಿತು. ಮನೆಯನ್ನು ಅದೇ ಕೆಲಸ ಮಾಡುವ ಒಂದು ಸಂಸ್ಥೆಗೆ ಬರೆದುಕೊಟ್ಟಿದ್ದರಂತೆ.

ಆ ಮನೆಗೆ ಹೋದಾಗ ಬಾಗಿಲು ತೆಗೆದವನು ಫ್ರಾಂಕ್. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಬೆಚ್ಚಗಿದ್ದರೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ. ಅಡುಗೆಮನೆಯಲ್ಲಿ ಕೂರಿಸಿ ನನಗೆ ಕಾಫಿ ಮಾಡಿಕೊಟ್ಟ. ಹನ್ನೊಂದಾಯಿತು. ಅವನು ಗಡಿಯಾರ ನೋಡಿ ಎದ್ದ. ಡಬ್ಬಿಯಿಂದ ಮಾತ್ರೆ ತೆಗೆದು ನುಂಗಿ ನೀರು ಕುಡಿದ. ಬಗ್ಗಿ ನೋಡಲು ಆಂಟಿ ಇಲ್ಲದಿದ್ದರೂ ಬಾಯಿ ತೆರೆದು ನಾಲಿಗೆ ಎತ್ತಿದ. ಆಮೇಲೆ ಮಫ್ಲರಿನ ತುದಿ ಹಿಡಿದು ಒಂದು ಗಂಟು ಬಿಚ್ಚಿದ.

ನನಗೆ ಅಳು ತಡೆಯಲಾಗಲಿಲ್ಲ. ಆಂಟಿ ಅಂದು ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ಹೇಳಿದ್ದ ಸುಳ್ಳು ಈಗ ನಿಜವಾಗಿತ್ತು: ಅವನ ತಗೋತಾನ.