ಆರನೆಯ ನಿಯಮ ಬರೆದಾಕೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಪ್ರೌಢಶಾಲೆಯ ಹಿಂಬಾಗಿಲ ಮುಂದೆ ನಿಂತು ಮಾರ್ಲೀನ್ ಕೋವಾಚ್ ಕೋಟಿನ ಜೇಬುಗಳಲ್ಲಿ ಬೀಗದ ಕೈ ತಡಕುತ್ತಿದ್ದಾರೆ. ಒಂದು ಕಂಕುಳಲ್ಲಿ ತಿದ್ದಿದ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದರಲ್ಲಿ ಕಾಫಿ ಫ್ಲಾಸ್ಕು, ಹಲ್ಲಿನ ನಡುವೆ ಕೈಗವಸು. ಅಕ್ಟೋಬರ್ ಗಾಳಿ ಸರೋವರದ ಕಡೆಯಿಂದ ಬೀಸುತ್ತಿದೆ. ಒಳಗೆ ಹೋದವರು ದೀಪ ಹಾಕುವುದಕ್ಕೂ ಮೊದಲು ಜೆರಾಕ್ಸ್ ಯಂತ್ರದ ಗುಂಡಿ ಒತ್ತುತ್ತಾರೆ. ಅದು ಬಿಸಿಯಾಗಲು ಏಳು ನಿಮಿಷ ಬೇಕು. ಆರೂಕಾಲಾದರೆ ಚರಿತ್ರೆಯ ಮೇಷ್ಟರುಗಳು ಬಂದು ಸಾಲುಗಟ್ಟುತ್ತಾರೆ.

"ಈ ಯಂತ್ರಕ್ಕೆ ನನ್ನ ಕಂಡ್ರೆ ಆಗಲ್ಲ," ಎನ್ನುತ್ತಾರೆ, ಸಿಕ್ಕಿಕೊಂಡ ಕಾಗದ ಎಳೆಯುತ್ತ. "ಮೂವತ್ತೊಂದು ವರ್ಷದಲ್ಲಿ ಇದು ನಾಲ್ಕನೇದು. ಹಿಂದಿನ ಮೂರೂ ಹೀಗೇ ಹಗೆ ಸಾಧಿಸಿದ್ವು."

ಐವತ್ತೆಂಟರ ಮಾರ್ಲೀನ್ ಓಹಾಯೋದ ಈ ಊರಿನಲ್ಲೇ ಹುಟ್ಟಿ, ಇದೇ ಶಾಲೆಯಲ್ಲಿ ಓದಿ, ಇಲ್ಲೇ ಪಾಠ ಹೇಳುತ್ತಿರುವವರು. ತಂದೆ ಗಾಜಿನ ಕಾರ್ಖಾನೆಯ ಕುಲುಮೆಯಲ್ಲಿದ್ದರು. ಆ ಕಾರ್ಖಾನೆ ಮುಚ್ಚಿ ಈಗ ಗೋದಾಮಾಗಿದೆ. ಇವರ ಹಳೆಯ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಅಲ್ಲೇ ಪೆಟ್ಟಿಗೆ ಎತ್ತಿಡುತ್ತಾರೆ. ಫುಟ್‌ಬಾಲ್ ಕೋಚ್ ಹೆಸರು ಊರಿನ ನೀರಿನ ಟ್ಯಾಂಕಿನ ಮೇಲಿದೆ. ಮಾರ್ಲೀನ್ ಅವರ ಹೆಸರು ಇನ್ನೂರ ಹದಿನಾಲ್ಕನೇ ಕೋಣೆಯ ಬಾಗಿಲಿನ ಮೇಲೆ ಮಾತ್ರ, ಅದೂ ಒಂದು ಅಕ್ಷರ ಉದುರಿದ ಸ್ಥಿತಿಯಲ್ಲಿ.

ದಿನಕ್ಕೆ ಐದು ತರಗತಿ, ನೂರ ನಲವತ್ತೆಂಟು ಮಕ್ಕಳು. ಊಟಕ್ಕೆ ಇಪ್ಪತ್ತೆರಡು ನಿಮಿಷ, ಅದರಲ್ಲಿ ಹತ್ತು ಯಾರದೋ ಅಳು ಕೇಳುವುದಕ್ಕೆ. ಐದರಲ್ಲಿ ಎರಡು ತರಗತಿ ಆನರ್ಸ್ ರೇಖಾಗಣಿತ, ಅಂದರೆ ಲೆಕ್ಕದಲ್ಲಿ ಮುಂದಿರುವವರ ಮೇಲ್ಮಟ್ಟದ ತರಗತಿ. ಬಾಗಿಲಲ್ಲಿ ಬಟ್ಟೆಯ ಜೇಬುಗಳ ತೋರಣವಿದೆ. ಫೋನು ಅದರೊಳಗೆ ಹೋದ ಮೇಲೆಯೇ ಮಕ್ಕಳು ಒಳಕ್ಕೆ. ಶೌಚಕ್ಕೆ ಹೋಗುವವರು ಮೊರದಗಲದ ಮರದ ಕೋನಮಾಪಕ ಹಿಡಿದು ಹೋಗಬೇಕು. ಆ ಅವಮಾನಕ್ಕೆ ಹೆದರಿಯೇ ಅರ್ಧ ಜನ ತಡೆದುಕೊಳ್ಳುತ್ತಾರೆ.

"ಮಿಸೆಸ್ ಕೆ, ನಿಮ್ಮನೇಲಿ ಪಿಜ್ಜಾ ತುಂಡಿಗೂ ಕೋನ ಅಳೀತೀರಾ?" ಎಂದು ಮಕ್ಕಳು ಕಾಲೆಳೆದರೆ ಇವರು ನಗುವುದಿಲ್ಲ. "ಅಳೀತೀನಿ. ಚಿಕ್ಕದು ಗಂಡನಿಗೆ."

ಇನ್ನು ನಿಯಮಗಳ ಹಾಳೆ. ವರ್ಷದ ಮೊದಲ ದಿನ ಪ್ರತಿ ಆನರ್ಸ್ ವಿದ್ಯಾರ್ಥಿಯ ಕೈಗೂ ಹೋಗುವ, ಅಪ್ಪನೋ ಅಮ್ಮನೋ ಸಹಿ ಹಾಕಿ ಶುಕ್ರವಾರದೊಳಗೆ ವಾಪಸು ಕಳಿಸಬೇಕಾದ ಎರಡು ಪುಟ. ಹನ್ನೊಂದು ನಿಯಮ. ಪೆನ್ಸಿಲಿನಲ್ಲೇ ಬರೆಯಬೇಕು. ತಡವಾದ ಹೋಂವರ್ಕಿಗೆ ಅರ್ಧ ಅಂಕ. ಪ್ರಮೇಯದ ಸಾಧನೆ ಬರೆಯುವಾಗ ಎಡಗಡೆ ಹೇಳಿಕೆ, ಬಲಗಡೆ ಅದರ ಕಾರಣ. ಕಾರಣವಿಲ್ಲದ ಸಾಲಿಗೆ ಅಂಕವಿಲ್ಲ. 'ಚಿತ್ರ ನೋಡಿದರೇ ಗೊತ್ತಾಗುತ್ತದೆ' ಎಂಬುದು ಕಾರಣವಲ್ಲ. ಆರನೆಯದು ಹೀಗಿದೆ: ಆರು ವಾರ ಮುಗಿದಾಗ ಸರಾಸರಿ ಎಪ್ಪತ್ತಕ್ಕಿಂತ ಕೆಳಗಿರುವವರನ್ನು ಸಾಮಾನ್ಯ ತರಗತಿಗೆ ಕಳಿಸಲಾಗುವುದು, ಯಾರ ಅಂಕವನ್ನೂ ಮೇಲಕ್ಕೆ ಎಳೆದು ಕೊಡಲಾಗುವುದಿಲ್ಲ.

ಇದನ್ನು ಬರೆದವರು ಮಾರ್ಲೀನ್ ಅವರೇ. ಆಗ ಮೂವತ್ತೂ ದಾಟಿರಲಿಲ್ಲ. "ಗಣಿತದವರೆಲ್ಲ ಗಂಡಸರು. ನಾನು ಮೆತ್ತಗಿದೀನಿ ಅಂತ ತಾಯ್ತಂದೆಯರು ಒಂದೊಂದು ಅಂಕಕ್ಕೂ ಬಂದು ಜಗಳ ತೆಗೀತಿದ್ರು. ಬಾಯಿ ಮುಚ್ಚಿಸಬೇಕಿತ್ತು, ಮುಚ್ಚಿಸಿದೆ." ಹಾಳೆ ಎಷ್ಟು ಚೊಕ್ಕವಾಗಿತ್ತೆಂದರೆ ಅಂದಿನ ಪ್ರಿನ್ಸಿಪಾಲರು ಅದನ್ನೇ ಗಣಿತದ ಎಲ್ಲ ಆನರ್ಸ್ ತರಗತಿಗೂ ಹಂಚಿದರು. ಇವತ್ತಿಗೂ ಶಾಲೆ ನಡೆಯುತ್ತಿರುವುದು ಅದರಂತೆಯೇ.

ಮರುವರ್ಷವೇ ಕೊರಿನ್ ಡುಡೆಕ್ ಎಂಬ ಹದಿನೈದರ ಹುಡುಗಿ ಅರವತ್ತೊಂಬತ್ತು ಪಾಯಿಂಟ್ ಆರಕ್ಕೆ ಬಂದು ನಿಂತಳು. ತರಗತಿಯಲ್ಲಿ ತೂಕಡಿಸುವ ಹುಡುಗಿ. ಸೋಮಾರಿ ಎಂದುಕೊಂಡರು ಮಾರ್ಲೀನ್. ರಾತ್ರಿಯೆಲ್ಲ ಕಾಯಿಲೆಯ ಅಜ್ಜಿಯ ಪಕ್ಕ ಕೂರುತ್ತಿದ್ದಳೆಂಬುದು ತಿಳಿದದ್ದು ಆಮೇಲೆ. ಇದೇ ಮೇಜಿನ ಮುಂದೆ ನಿಂತು ಕೊರಿನ್ ಕೇಳಿದ್ದಳು, "ಎಪ್ಪತ್ತು ಅಂತ ಬರ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ, ಮಿಸೆಸ್ ಕೆ?" ಇವರು ಹಾಳೆಯ ಆರನೆಯ ಸಾಲಿನ ಮೇಲೆ ಬೆರಳಿಟ್ಟರು. ಕೊರಿನ್ ಸಾಮಾನ್ಯ ತರಗತಿಗೆ ಹೋದಳು, ಮುಂದಿನ ವಸಂತಕ್ಕೆ ಶಾಲೆಯನ್ನೇ ಬಿಟ್ಟಳು.

"ಚಿತ್ರ ನೋಡಿ ತೀರ್ಮಾನ ಮಾಡಬೇಡಿ ಅಂತ ಮಕ್ಕಳಿಗೆ ದಿನಾ ಹೇಳ್ತಿದ್ದೆ," ಎನ್ನುತ್ತಾರೆ. "ನಾನು ಮಾಡಿದ್ದೇ ಅದನ್ನ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆ ವರ್ಷದಿಂದ ಮಾರ್ಲೀನ್ ಪ್ರತಿದಿನ ಬೆಳಗ್ಗೆ ಆರೂವರೆಗೆ, ಯಾರೂ ಕೇಳದಿದ್ದರೂ, ಹಿಂದೆ ಬಿದ್ದವರಿಗೆ ಪಾಠ ಹೇಳುತ್ತಿದ್ದಾರೆ. ಸಂಬಳದ ಕೆಲಸವಲ್ಲ. ಆರನೆಯ ನಿಯಮ ತೆಗೆಯಿರೆಂದು ಎರಡು ಸಲ ಶಾಲಾ ಸಮಿತಿಯ ಮುಂದೆ ಹೋದರು. "ನೀವೇ ಬರ್ದಿದ್ದಲ್ವಾ?" ಎಂದು ನಕ್ಕರಂತೆ. ಮಾಡಿದ್ದುಣ್ಣೋ ಮಹಾರಾಯ ಎಂದು ಇವರು ಎದ್ದು ಬಂದರು.

ಈ ಆಗಸ್ಟಿನಲ್ಲಿ ಸಹಿಯಾಗಿ ಬಂದ ಹಾಳೆಗಳನ್ನು ಜೋಡಿಸುತ್ತಿದ್ದಾಗ ಒಂದರ ಮೇಲೆ ಕೈ ನಿಂತಿತು. ವಿದ್ಯಾರ್ಥಿನಿ: ಟೆಸಾ ಡುಡೆಕ್. ಕೆಳಗೆ ತಾಯಿಯ ಸಹಿ: ಕೊರಿನ್. ಆರನೆಯ ನಿಯಮದ ಪಕ್ಕ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಪದ: 'ಗೊತ್ತು.'

ಮಾರ್ಲೀನ್ ಆ ಹಾಳೆಯನ್ನು ಉಳಿದವುಗಳ ಜೊತೆ ಕಡತಕ್ಕೆ ಹಾಕಲಿಲ್ಲ. ಮೇಜಿನ ಖಾನೆಯಲ್ಲಿಟ್ಟರು.

ಟೆಸಾಳ ಲೆಕ್ಕ ಮೊದಲ ವಾರದಿಂದಲೇ ಕುಂಟತೊಡಗಿತು. ಎರಡನೆಯ ವಾರದಿಂದ ದಿನವೂ ಆರೂವರೆಗೆ ಬರುತ್ತಾಳೆ. ತಾಯಿ ಕಾರಿನಲ್ಲಿ ತಂದು ಇಳಿಸಿ, ಮಗಳು ಬಾಗಿಲು ದಾಟುವವರೆಗೆ ಎಂಜಿನ್ ಆರಿಸದೆ ಕೂತು, ತಾನು ರೊಟ್ಟಿ ಬೇಯಿಸುವ ಅಂಗಡಿಗೆ ಹೊರಡುತ್ತಾಳೆ. ಒಂದು ದಿನವೂ ಇಳಿದಿಲ್ಲ. ಮಾರ್ಲೀನ್ ಕಿಟಕಿಯಿಂದ ಕೈ ಎತ್ತಿದರೆ ಅತ್ತಲಿಂದ ಕೈ ಏಳುವುದಿಲ್ಲ.

ಮೊನ್ನೆ ಶುಕ್ರವಾರ ಆರನೆಯ ವಾರದ ಪರೀಕ್ಷೆ ಮುಗಿಯಿತು. ಕೊನೆಯ ಸಾಧನೆಯಲ್ಲಿ ಟೆಸಾ ಎರಡು ಗೆರೆಗಳನ್ನು ಲಂಬ ಎಂದು ಬರೆದು, ಬಲಗಡೆಯ ಜಾಗ ಖಾಲಿ ಬಿಟ್ಟಿದ್ದಳು. ಚಿತ್ರದಲ್ಲಿ ಲಂಬವಾಗಿಯೇ ಕಾಣುತ್ತಿದ್ದವು. ಮಾರ್ಲೀನ್ ಮೂರು ಸಲ ತಿದ್ದಿದರು, ಮೂರು ಸಲವೂ ಸರಾಸರಿ ಅರವತ್ತೊಂಬತ್ತು ಪಾಯಿಂಟ್ ಎಂಟು. ಇದ್ದದ್ದನ್ನು ಇದ್ದಂತೆಯೇ ಕಂಪ್ಯೂಟರಿಗೆ ಹಾಕಿದರು. "ಸುಳ್ಳು ಅಂಕ ಕೊಟ್ಟು ಒಬ್ಬಳಿಗೆ ಮಾಡಿದ್ದನ್ನ ಇನ್ನೊಬ್ಬಳ ಹತ್ರ ತೀರಿಸಕ್ಕಾಗಲ್ಲ. ಆ ಹುಡುಗಿ ಉಳೀಬೇಕು. ಆದ್ರೆ ಸುಳ್ಳಿನ ಮೇಲೆ ಅಲ್ಲ." ಶನಿವಾರ, ಭಾನುವಾರ ಊಟ ಸೇರಲಿಲ್ಲವಂತೆ.

ಆನರ್ಸ್‌ನಿಂದ ಇಳಿದವರು ಮತ್ತೆ ಹತ್ತಿದ್ದನ್ನು ಇವರು ನೋಡಿಲ್ಲ. ವರ್ಗಾವಣೆಯ ಹಳದಿ ಚೀಟಿ ಶಾಲೆಯ ಸಲಹೆಗಾರ ಬ್ರ್ಯಾಂಟ್ ಅವರ ಕಚೇರಿಯಿಂದ ಎರಡು ಪ್ರತಿಯಲ್ಲಿ ಹೊರಟು, ಒಂದು ಟೆಸಾಳ ಮನೆಗೆ, ಒಂದು ಶಾಲೆಯಲ್ಲಿನ ಇವರ ಟಪಾಲು ಡಬ್ಬಿಗೆ ಬಂದಿದೆ. ಒಂದಕ್ಕೆ ತಾಯಿಯ ಸಹಿ ಬೇಕು. ಇನ್ನೊಂದಕ್ಕೆ ಶಿಕ್ಷಕರ ಸಹಿ, ಅದರ ಮೇಲೆ ಶಿಕ್ಷಕರೇ ತುಂಬಬೇಕಾದ ಒಂದು ಖಾಲಿ ಸಾಲು: ಕಾರಣ. ಹತ್ತು ದಿನದೊಳಗೆ ಎರಡೂ ಬರದಿದ್ದರೆ ವಿಷಯ ಪ್ರಿನ್ಸಿಪಾಲರ ಮುಂದೆ ಹೋಗುತ್ತದೆ. ಇದುವರೆಗೆ ಯಾವುದೂ ಅಲ್ಲಿಗೆ ಹೋದದ್ದಿಲ್ಲ. ಎಲ್ಲರೂ ಸಹಿ ಹಾಕುತ್ತಾರೆ.

ಆರೂವರೆ. ಕಾರು ಬಂದು ನಿಲ್ಲುತ್ತದೆ, ಎಂಜಿನ್ ಆರುತ್ತದೆ. ಟೆಸಾಳ ಹಿಂದೆ ಅಂಗಡಿಯ ಬಿಳಿ ಏಪ್ರನ್ ತೊಟ್ಟ ಕೊರಿನ್ ಕೋಣೆಯೊಳಗೆ ಬರುತ್ತಾಳೆ. ಇಪ್ಪತ್ತೆಂಟು ವರ್ಷವಾಗಿದೆ. ನಿಂತದ್ದು ಅದೇ ಮೇಜಿನ ಮುಂದೆ.

"ಆವತ್ತು ನಮ್ಮಮ್ಮ ಇದನ್ನ ಓದದೇ ಸಹಿ ಹಾಕಿದ್ಲು," ಎಂದು ಹಳದಿ ಚೀಟಿ ಮೇಜಿನ ಮೇಲಿಡುತ್ತಾಳೆ. "ನಾನು ಓದಿದೀನಿ. ಹಾಕಲ್ಲ."

"ಕೊರಿನ್, ಆವತ್ತು ನಾನು..." ಮಾರ್ಲೀನ್ ಕುರ್ಚಿಯಿಂದ ಏಳುತ್ತಾರೆ.

"ಅದು ಈಗ ಬೇಡ. ನನಗೆ ಏಳಕ್ಕೆ ಕೆಲಸ. ಇವಳಿಗೆ ಪಾಠ ಹೇಳಿ." ಮಗಳ ತಲೆ ಮುಟ್ಟಿ ಹೊರಟುಹೋಗುತ್ತಾಳೆ. ಕ್ಷಮೆಯ ಮಾತು ಅತ್ತಲಿಂದ ಬರಲಿಲ್ಲ, ಇತ್ತಲಿಂದ ಕೇಳುವುದಕ್ಕೂ ಆಗಲಿಲ್ಲ.

ಟೆಸಾ ನೋಟ್‌ಬುಕ್ ತೆರೆಯುತ್ತಾಳೆ. ಶುಕ್ರವಾರದ ಅದೇ ಸಾಧನೆ. ಕಾರಣದ ಜಾಗಕ್ಕೆ ಬಂದು ಪೆನ್ಸಿಲ್ ಕಚ್ಚುತ್ತಾಳೆ. ಮಾರ್ಲೀನ್ ಹೇಳಿಕೊಡುವುದಿಲ್ಲ, ಕಾಯುತ್ತಾರೆ. ಐದು ನಿಮಿಷದ ಮೇಲೆ ಹುಡುಗಿ ನಿಧಾನವಾಗಿ ಒಂದು ಸಾಲು ಬರೆಯುತ್ತಾಳೆ. ಸರಿಯಿದೆ.

ಜೂನ್‌ಗೆ ಮಾರ್ಲೀನ್ ನಿವೃತ್ತರಾಗುತ್ತಾರೆ. ಆಸೆ ದೊಡ್ಡದೇನಲ್ಲ. "ಹೋಗೋಕೆ ಮುಂಚೆ ಹತ್ತೇ ನಿಯಮ ಇರೋ ಹಾಳೆ ನೋಡಬೇಕು. ಆಗುತ್ತೋ ಇಲ್ವೋ. ಆಗದೇ ಇರೋದೇ ಹೆಚ್ಚು."

ಮೊದಲ ಗಂಟೆ ಹೊಡೆಯುವ ಮುನ್ನ ತಮ್ಮ ಪಾಲಿನ ಹಳದಿ ಚೀಟಿಯನ್ನು ಎದುರಿಗಿಟ್ಟುಕೊಂಡು ಪೆನ್ಸಿಲ್ ಹಿಡಿಯುತ್ತಾರೆ, ಮತ್ತೆ ಇಡುತ್ತಾರೆ. ಚೀಟಿ ಖಾಲಿಯಾಗಿಯೇ ಖಾನೆಗೆ ಹೋಗುತ್ತದೆ, ಆಗಸ್ಟಿನ ಆ ಹಾಳೆಯ ಮೇಲೆ.

"ಬ್ರ್ಯಾಂಟ್ ಫೋನ್ ಮಾಡ್ತಾರೆ, ಅರವತ್ತೊಂಬತ್ತು ಪಾಯಿಂಟ್ ಎಂಟು ಅಂತ ಬರ್ದು ಕಳ್ಸಿ ಅಂತಾರೆ," ಎನ್ನುತ್ತಾರೆ ಖಾನೆ ಮುಚ್ಚುತ್ತ. "ಅದು ಹೇಳಿಕೆ. ಕಾರಣ ಎಲ್ಲಿದೆ?"